ರೈಟರ್ ಹೇಳಿದ ಸಮಾಧಾನ

ನಮ್ಮ ತೋಟದ ಲೈನಿನವರು, ಎಂದರೆ ಆಳುಗಳ ಸಾಲುಮನೆಯವರು, ನನಗೊಂದು ಅಡ್ಡಹೆಸರು ಇಟ್ಟಿದ್ದಾರೆ. ಸಮಾಧಾನ ರೈಟರ್. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ಸುಂಟಿಕೊಪ್ಪದ ಸಂತೆಯಲ್ಲಿ ಒಣಮೀನು ಮಾರುವವನವರೆಗೂ ಅದು ಹಬ್ಬಿದೆ. ಮೊದಲ ಸಲ ಕಿವಿಗೆ ಬಿದ್ದಾಗ ಸಿಟ್ಟು ಬಂದಿತ್ತು. ಆಮೇಲೆ ಒಳಗೊಳಗೇ ಹಿಗ್ಗಿದೆ. ಈಗ ಕೇಳಿದರೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ಕಾಫಿ ತೋಟದ ರೈಟರ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆಳಗ್ಗೆ ಆಳುಗಳ ಹಾಜರಿ ಹಾಕಬೇಕು, ಯಾರು ಯಾವ ಕಡೆ ಕೆಲಸಕ್ಕೆ ಎಂದು ಹಂಚಬೇಕು, ಪಿಕ್ಕಿಂಗ್ ಸಮಯದಲ್ಲಿ ಸಂಜೆ ನಿಂತು ಹಣ್ಣು ತೂಗಿಸಬೇಕು. ಇದಿಷ್ಟನ್ನು ಯಾವ ಕತ್ತೆಯೂ ಮಾಡುತ್ತದೆ. ನಿಜವಾದ ಕೆಲಸ ಮಾತು ಹೊರುವುದು. ನಮ್ಮ ತೋಟದಲ್ಲಿ ಲೈನಿನವರು ಧಣಿಯ ಹತ್ತಿರ ನೇರವಾಗಿ ಏನನ್ನೂ ಕೇಳುವುದಿಲ್ಲ, ಧಣಿಯೂ ಅವರಿಗೆ ನೇರವಾಗಿ ಏನನ್ನೂ ಹೇಳುವುದಿಲ್ಲ. ಯಾರು ಮಾಡಿದ ಕಟ್ಟಳೆಯೋ, ನನಗಿಂತ ಹಿಂದಿನ ರೈಟರ್ ಕಾಲದಿಂದಲೂ ಹಾಗೇ ಇದೆ. ಧಣಿ ಮೇಲೆ ಜೀಪಿನ ಹತ್ತಿರ ನಿಂತಿರುತ್ತಾರೆ, ಆಳುಗಳು ಕೆಳಗೆ ನೆರಳುಮರದ ಬುಡದಲ್ಲಿ. ನಡುವೆ ಹತ್ತಿ ಇಳಿಯುವವನು ನಾನು. ಅವರ ಮಾತು ಇವರಿಗೆ ಕೇಳಿಸುವಷ್ಟೇ ದೂರ ಇದ್ದರೂ ನಾನು ಹೇಳುವ ತನಕ ಅದು ಕೇಳಿಸಿದ ಲೆಕ್ಕಕ್ಕಿಲ್ಲ.

ನಾನು ಭಾಗಮಂಡಲದ ಕಡೆಯವನು. ಮನೆಯಲ್ಲಿ ಅರೆಭಾಷೆ. ಧಣಿಯ ಜೊತೆ ಕೊಡವ ತಕ್ಕ್ ಮತ್ತು ಕನ್ನಡ, ಲೈನಿನಲ್ಲಿ ತಮಿಳು, ಮಲಯಾಳ, ತುಳು, ಈಚೆಗೆ ಅಸ್ಸಾಮಿನ ಹುಡುಗರು ಬಂದಮೇಲೆ ಹಿಂದಿಯ ಒಂದೆರಡು ಚೂರು. ಯಾವುದೂ ಪೂರ್ತಿ ಬರುವುದಿಲ್ಲ, ಎಲ್ಲದರಲ್ಲೂ ಬೈಯಲು ಬರುತ್ತದೆ. ಆದರೆ ಒಂದು ಪದ ಮಾತ್ರ ಎಲ್ಲಿಗೆ ಹೋದರೂ ನಡೆಯುತ್ತದೆ ಎಂದು ನಾನು ಬೇಗ ಕಂಡುಕೊಂಡೆ. ಸಮಾಧಾನ. ತಮಿಳಿನವರೂ ಮಲಯಾಳದವರೂ ಕೊನೆಗೊಂದು ‘ಮ್’ ಸೇರಿಸಿಕೊಳ್ಳುತ್ತಾರೆ, ಅಷ್ಟೇ. ಜಗಳ ಎಲ್ಲಿ ಹೊತ್ತಿಕೊಂಡರೂ ನಾನು ಹೋಗಿ ಎರಡೂ ಕೈ ಎತ್ತಿ ಅದೊಂದು ಪದ ಹೇಳಿದರೆ ಮೊದಲ ಬಿಸಿ ಇಳಿಯುತ್ತಿತ್ತು. ನಲ್ಲಿಯ ಹತ್ತಿರ ಕೊಡಕ್ಕಾಗಿ ಕೂದಲು ಹಿಡಿದವರು ಕೂದಲು ಬಿಡುತ್ತಿದ್ದರು. ಡ್ರೈವರನೂ ಗಾರೆಯವನೂ ಒಬ್ಬರ ಕಾಲರನ್ನು ಒಬ್ಬರು ಬಿಟ್ಟು ಬೀಡಿ ಹಚ್ಚುತ್ತಿದ್ದರು. ಪದದ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಯಾರದು ಸರಿ ಎಂದು ವಿಚಾರಿಸುವ ತಾಪತ್ರಯವೇ ಇಲ್ಲ.

ಮನೆಗೆ ಬಂದರೆ ನಾನು ಬೇರೆಯೇ ಮನುಷ್ಯ. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಸದ್ದು ಮಾಡುತ್ತದೆ. ನನ್ನ ಹೆಂಡತಿ ಇದನ್ನು ಬಹಳ ಹಿಂದೆಯೇ ಗುರುತಿಸಿ, ನೆಂಟರೆದುರೇ ಹೇಳಿದ್ದಳು: “ಇವ್ರ ಸಮಾಧಾನ ಪೂರ ಲೈನ್‌ಲೇ ಖರ್ಚಾದೆ. ಮನೆಗೆ ಉಳ್ದದ್ ಏನೂ ಇಲ್ಲೆ.” ಎಲ್ಲರೂ ನಕ್ಕರು, ನಾನೂ ಹಲ್ಲು ಕಿರಿದೆ.

ನನ್ನ ಗುಟ್ಟು ಆ ಪದ ಒಂದೇ ಅಲ್ಲ. ಮಾತು ಹೊರುವಾಗ ದಾರಿಯಲ್ಲಿ ಅದನ್ನು ಸ್ವಲ್ಪ ಸವರುತ್ತಿದ್ದೆ. ತಕ್ಕಡಿಯಲ್ಲಿ ಮೋಸ ಇದೆ, ನಮ್ಮ ಹಣ್ಣು ನುಂಗುತ್ತಾರೆ ಎಂದು ಲೈನಿನವರು ಕೂಗಿದರೆ, ನಾನು ಮೇಲೆ ಹೋಗಿ, “ತಕ್ಕಡಿ ಒಮ್ಮೆ ನೋಡಿಸಿದರೆ ಒಳ್ಳೆಯದಿತ್ತಂತೆ ಸಾರ್” ಎನ್ನುತ್ತಿದ್ದೆ. ಇಷ್ಟವಿಲ್ಲದವರು ಗಂಟುಮೂಟೆ ಕಟ್ಟಲಿ ಎಂದು ಧಣಿ ಸಿಡಿದರೆ, ಕೆಳಗೆ ಬಂದು, ಧಣಿ ನೋಡಿಸ್ತಾರಂತೆ, ಸಮಾಧಾನವಾಗಿರಿ ಎನ್ನುತ್ತಿದ್ದೆ. ಆ ವಾರವೇ ತಕ್ಕಡಿ ರಿಪೇರಿಯಾಯಿತು. ಇಬ್ಬರೂ ನನ್ನ ಬೆನ್ನು ತಟ್ಟಿದರು. ಹೀಗೆ ಬೆನ್ನು ತಟ್ಟಿಸಿಕೊಂಡು ಬೆಳೆದವನು ನಾನು. ಸುಳ್ಳು ಎಂದು ಒಮ್ಮೆಯೂ ಅನ್ನಿಸಲಿಲ್ಲ. ಇಷ್ಟು ಭಾಷೆಯ ಜನ ಒಂದೇ ಇಳಿಜಾರಿನಲ್ಲಿ ಬದುಕಬೇಕಾದರೆ ನನ್ನಂಥವನೊಬ್ಬ ಬೇಕೇ ಬೇಕು ಎಂದು ನಂಬಿದ್ದೆ.

ಲೈನಿನ ಕೊನೆಯ ರೂಮಿನಲ್ಲಿ ಒಬ್ಬಳು ಅಜ್ಜಿ ಇದ್ದಳು. ತಮಿಳಿನವಳು. ಮದುವೆಯಾಗಿ ಬಂದ ಹೊಸದರಲ್ಲೇ ಈ ತೋಟಕ್ಕೆ ಬಂದವಳು, ಗಂಡ ಬೇಗ ಹೋದ, ಮಕ್ಕಳಿಲ್ಲ. ಬೆನ್ನು ಬಾಗಿದ ಮೇಲೆ ಪಿಕ್ಕಿಂಗಿಗೆ ಬರಲಾಗದೆ ಕಣ ಗುಡಿಸುವುದು, ಒಣಗಿದ ಕಾಫಿಯ ಮೇಲೆ ಕೋಳಿ ಹತ್ತದಂತೆ ನೋಡುವುದು, ಇಷ್ಟು ಮಾಡಿಕೊಂಡಿದ್ದಳು. ಬಾಯಿ ಮಾತ್ರ ಬಾಗಿರಲಿಲ್ಲ. ಲೈನಿನ ಹೆಂಗಸರಿಗೆಲ್ಲ ಅವಳೇ ಪೊಲೀಸು. ನನಗೂ ಬೈಯುತ್ತಿದ್ದಳು. ಹಾಜರಿ ಹಾಕುವಾಗ ಮೂಗಿನಲ್ಲಿ ಹೆಸರು ಕರೀತೀಯ, ಬಾಯಿ ಬಿಟ್ಟು ಕರಿ ಎನ್ನುತ್ತಿದ್ದಳು.

ಅವಳಿಗೆ ಒಂದೇ ಒಂದು ಹಟ. ಇನ್ನೊಬ್ಬರ ಮನೆಯಲ್ಲಿ ಇರುವುದಿಲ್ಲ. ಗಂಡ ಸತ್ತ ಮೇಲೆ ಸ್ವಲ್ಪ ಕಾಲ ಅಣ್ಣನ ಮನೆಯಲ್ಲಿದ್ದಳಂತೆ. ಅಲ್ಲಿ ಏನಾಯಿತೆಂದು ವಿವರವಾಗಿ ಹೇಳಲಿಲ್ಲ, ಕೆಮ್ಮಲೂ ಅಪ್ಪಣೆ ಕೇಳಬೇಕಿತ್ತು ಎಂದಷ್ಟೇ ಹೇಳಿದ್ದಳು. ಒಂದು ದಿನ ಹಾಗೇ ಎದ್ದು ತೋಟಕ್ಕೆ ವಾಪಸು ನಡೆದುಬಂದಳು. ಆಗಿನಿಂದ ಆ ರೂಮು ಅವಳದು. ಒಂದು ಒಲೆ, ಒಂದು ಕಿಟಕಿ, ಒಳಗಿಂದ ಹಾಕುವ ಒಂದು ಚಿಲಕ. ಆ ಚಿಲಕವನ್ನು ತೋರಿಸಿ, “ಇದು ಹಾಕ್ದೆ ಅಂದ್ರೆ ನಾನೂ ಧಣಿನೇ ರೈಟ್ರೇ” ಎಂದು ನಗುತ್ತಿದ್ದಳು.

ಹೋದ ವರ್ಷ ರೊಬಸ್ಟಾ ಪಿಕ್ಕಿಂಗ್ ಶುರುವಾಗುವ ಹೊತ್ತಿಗೆ ಧಣಿ ಕಣದ ಹತ್ತಿರ ನನ್ನನ್ನು ಕರೆದರು. ಲೈನು ಕೆಡವುತ್ತಾರಂತೆ. ಆ ಜಾಗದಲ್ಲಿ ಹೋಂಸ್ಟೇ. ದುಡಿಯುವ ಕುಟುಂಬಗಳಿಗೆ ಪಂಪ್‌ಹೌಸಿನ ಹಿಂದೆ ಹೊಸ ಮನೆಗಳು, ಕುಟುಂಬಕ್ಕೊಂದರಂತೆ ಅಳತೆ ಮಾಡಿ ಹಾಕಿದ್ದಾರೆ, ಒಂಟಿ ಅಜ್ಜಿಗೆ ಅದರಲ್ಲಿ ಜಾಗವಿಲ್ಲ. ಆದರೆ ಧಣಿ ಅಲ್ಲಿಗೆ ನಿಲ್ಲಿಸಲಿಲ್ಲ. ಪಕ್ಕದ ತೋಟದವರ ಹತ್ತಿರ ತಾವೇ ಮಾತಾಡಿದ್ದರು. ಅಲ್ಲಿ ನರ್ಸರಿ ನೋಡಿಕೊಳ್ಳಲು ಒಬ್ಬರು ಬೇಕು, ಗಿಡಕ್ಕೆ ನೀರು ಚಿಮುಕಿಸುವ ಹಗುರ ಕೆಲಸ, ಒಂದು ಒಂಟಿ ರೂಮು ಕೊಡುತ್ತಾರೆ. ಆದರೆ ಈ ವಾರದೊಳಗೆ ಹೇಳಬೇಕು, ತಡವಾದರೆ ಬೇರೆಯವರಿಗೆ ಕೊಟ್ಟುಬಿಡುತ್ತಾರೆ.

“ನಿನ್ನ ಎಣ್ಣೆ ಬೆಣ್ಣೆ ಬೇಡ,” ಎಂದರು ಧಣಿ. “ಕಡ್ಡಿ ಮುರಿದ ಹಾಗೆ ಹೇಳು. ಇಲ್ಲಿ ಇರೋದಕ್ಕಾಗಲ್ಲ, ಅಲ್ಲಿ ರೂಮಿದೆ, ನಾಳೆನೇ ಹೋಗಿ ನೋಡ್ಲಿ ಅಂತ. ಪಾಪದವಳು, ಟೈಮ್ ಇರುವಾಗಲೇ ಗೊತ್ತಾಗಲಿ.”

ಈ ಮಾತನ್ನು ನಾನು ಒಂದಕ್ಷರ ಬಿಡದೆ ಇಲ್ಲಿ ಬರೆದಿದ್ದೇನೆ. ಹೊರಬೇಕಾದ ದಿನ ಹೊರಲಿಲ್ಲ.

ಆ ಸಂಜೆ ನಾನು ಹೋದಾಗ ಅಜ್ಜಿ ಒಲೆಯ ಬೂದಿಯಲ್ಲಿ ಹಲಸಿನ ಬೀಜ ಸುಡುತ್ತಿದ್ದಳು. ಕೂರಲು ಮಣೆ ಕೊಟ್ಟಳು. ಲೈನು ಒಡೆಯುವ ಸುದ್ದಿ ಗಾಳಿಯಲ್ಲಿ ಅವಳಿಗೂ ಬಂದಿತ್ತು. ಬೀಜದ ಸಿಪ್ಪೆ ಬಿಡಿಸಿ ನನ್ನ ಅಂಗೈಗೆ ಹಾಕುತ್ತಾ, ತಲೆ ಎತ್ತದೆ ಕೇಳಿದಳು: “ಧಣಿ ನಂಗೇನಂದ್ರು ರೈಟ್ರೇ?”

ನಾನು ತಿನ್ನುವ ಮೊದಲೇ ಇನ್ನೊಂದು ಬೀಜ ಹಾಕಿದಳು. ಕಡ್ಡಿ ಮುರಿಯಲು ನನ್ನಿಂದಾಗಲಿಲ್ಲ. ಬಾಯಿಗೆ ಅಭ್ಯಾಸವಾದದ್ದೇ ಬಂತು. “ಸಮಾಧಾನ ಮಾಡ್ಕೊ ಅಜ್ಜಿ,” ಎಂದೆ. “ನಿನ್ನನ್ನ ಬೀದಿಗೆ ಬಿಡ್ತಾರಾ ಧಣಿ? ನೋಡೋಣ ಅಂದಿದ್ದಾರೆ. ನಾನಿದ್ದೀನಲ್ಲ.”

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಪಕ್ಕದ ತೋಟದಲ್ಲೂ ಒಂದು ರೂಮು ಇದೆಯಂತೆ, ಬೇಕಿದ್ದರೆ ಕೇಳಬಹುದು ಎಂದೂ ಸೇರಿಸಿದೆ, ಯಾರೋ ಸಂತೆಯಲ್ಲಿ ಹೇಳಿದ ಸುದ್ದಿ ಅನ್ನುವ ಧಾಟಿಯಲ್ಲಿ. ಧಣಿಯೇ ಅವಳಿಗಾಗಿ ಕೇಳಿಟ್ಟ ರೂಮು ಎಂದು ಹೇಳಲಿಲ್ಲ. ಹೇಳಿದರೆ ಇಲ್ಲಿ ಜಾಗವಿಲ್ಲ ಎನ್ನುವುದನ್ನೂ ಹೇಳಬೇಕಾಗುತ್ತಿತ್ತು. ನನ್ನ ರೂಮು ಇರುವಾಗ ಅದ್ಯಾಕೆ ಎಂದು ಅವಳು ನಕ್ಕಳು. ಮುಖ ಅರಳಿತ್ತು. ಆ ಮುಖ ನೋಡಿ ನನಗೂ ಖುಷಿಯಾಯಿತು, ನಾಚಿಕೆಗೇಡು. ಇದಕ್ಕೆ ಮೂಗಿಗೆ ತುಪ್ಪ ಸವರುವುದು ಎನ್ನುತ್ತಾರೆ.

ಮರುದಿನ ಧಣಿ ಕೇಳಿದರು. ಹೇಳಿದ್ದೇನೆ ಸಾರ್, ಯೋಚನೆ ಮಾಡ್ತೀನಿ ಅಂದಳು ಎಂದೆ. ಅಲ್ಲಿಗೂ ಒಂದು ಸವರಿದೆ. ನಾಳೆ ನಿಜ ಹೇಳೋಣ ಅಂದುಕೊಂಡೆ. ನಾಳೆ ಹಣ್ಣಿನ ಲಾರಿ ಕೆಟ್ಟು ನಿಂತಿತು. ಅದರ ಮರುದಿನ ಪಿಕ್ಕಿಂಗಿನವರ ಗಲಾಟೆ. ಪ್ರತಿ ಬೆಳಗ್ಗೆ ಕಣದಲ್ಲಿ ಅವಳನ್ನು ನೋಡುತ್ತಿದ್ದೆ, ನೆನಪಾಗುತ್ತಿತ್ತು, ಅವಳು ನನ್ನ ಮೂಗಿನ ಸ್ವರದ ಬಗ್ಗೆ ಏನೋ ಅಂದು ನಗುತ್ತಿದ್ದಳು, ನಗುವ ಹೊತ್ತಿನಲ್ಲಿ ಹೇಗೆ ಹೇಳುವುದು ಎಂದು ಮುಂದೆ ಹೋಗುತ್ತಿದ್ದೆ. ನರ್ಸರಿಯ ರೂಮು ಅಸ್ಸಾಮಿನ ಗಂಡ ಹೆಂಡತಿಗೆ ಹೋಯಿತು. ಆಗಲೂ ನಾನು ಅವಳಿಗೆ ನಿಜ ಹೇಳಲಿಲ್ಲ. ಧಣಿ ಮನಸ್ಸು ಬದಲಾಯಿಸಬಹುದು, ಹೋಂಸ್ಟೇಗೆ ಪರ್ಮಿಷನ್ ಸಿಗದೇ ಇರಬಹುದು, ಏನಾದರೂ ಆಗಬಹುದು ಎಂದು ಕಾದೆ. ನನ್ನಂಥವರು ಹೀಗೇ ಕಾಯುತ್ತಾರೆ.

ಹೂಮಳೆ ಬಿತ್ತು. ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗಾಗಿ ಆ ವಾಸನೆಗೆ ತಲೆ ಸುತ್ತುತ್ತಿದ್ದ ವಾರದಲ್ಲೇ ಜೆಸಿಬಿ ಬಂತು. ಉಳಿದವರೆಲ್ಲ ಸಾಮಾನು ಹೊತ್ತು ಪಂಪ್‌ಹೌಸಿನ ಹಿಂದಕ್ಕೆ ಹೋಗಿಯಾಗಿತ್ತು. ಅಜ್ಜಿ ಮಾತ್ರ ಬಾಗಿಲ ಮುಂದೆ ಕಾಲು ಚಾಚಿ ಕೂತಿದ್ದಳು. ನನ್ನನ್ನು ಕಂಡು, “ಹೇಳ್ರಿ ಇವ್ನಿಗೆ, ಧಣಿ ನಂಗೆ ಇರು ಅಂದಿದ್ದಾರೆ ಅಂತ” ಎಂದಳು. ಜೆಸಿಬಿಯವನು ನನ್ನ ಮುಖ ನೋಡಿದ. ಧಣಿಗೆ ಫೋನ್ ಮಾಡಿದೆ. ಇನ್ನೂ ಯಾಕೆ ಇದ್ದಾಳೆ ಅವಳು, ಅಷ್ಟು ಮುಂಚೆ ಹೇಳಿ ಕಳಿಸಿದ್ದೆನಲ್ಲ ಎಂದು ಅವರು ರೇಗಿದರು. ರೇಗುವುದು ನ್ಯಾಯವೇ ಆಗಿತ್ತು. ಫೋನ್ ಕೆಳಗಿಟ್ಟು ಅಜ್ಜಿಗೆ ಆಗಲ್ಲವಂತೆ ಎಂದೆ. ಆ ಒಂದು ಮಾತಿನಲ್ಲಿ ಇಡೀ ತಪ್ಪು ಧಣಿಯ ತಲೆಗೆ ಹೋಯಿತು. ನಾನು ತಡೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಮೇಲಿನ ರಸ್ತೆಯಲ್ಲಿ ಜೀಪ್ ಬಂದು ನಿಂತಿತು. ಅಜ್ಜಿ ಎದ್ದಳು. ಬಾಗಿ ಒಂದು ಹಿಡಿ ಮಣ್ಣು ತೆಗೆದು, ಜೀಪಿನ ಕಡೆ ತೂರಿ, ನಿನ್ನ ಮನೆ ಹೀಗೇ ಬೀಳಲಿ ಎಂದು ಶಪಿಸಿದಳು. ತಮಿಳಿನಲ್ಲಿ ಶಪಿಸಿದಳು, ಆದರೆ ಮಣ್ಣು ತೂರಿದ್ದನ್ನು ಯಾರೂ ತಿಳಿಸಿ ಹೇಳಬೇಕಿರಲಿಲ್ಲ. ಧಣಿ ಬಿಳಿಚಿಕೊಂಡರು. ಅವಳಿಗಾಗಿ ಬೇರೆ ತೋಟದವರ ಮುಂದೆ ಹೋಗಿ ಕೇಳಿದ್ದವರು ಅವರು. ಜೀಪ್ ತಿರುಗಿಸಿ ಹೊರಟುಹೋದರು.

ಅಜ್ಜಿಯ ಸಾಮಾನನ್ನು ಪಿಕಪ್ಪಿಗೆ ನಾನೇ ಹೇರಿದೆ. ಕುಶಾಲನಗರದ ಆಚೆ ಅವಳ ಅಣ್ಣನ ಮಗನಿದ್ದ, ಬೇರೆ ಯಾರೂ ಇರಲಿಲ್ಲ, ಅಲ್ಲಿಗೇ ಹೋಗಬೇಕಾಯಿತು. ಹತ್ತುವ ಮುಂಚೆ ಅವಳು ನೆರೆದಿದ್ದವರಿಗೆಲ್ಲ ಕೇಳುವಂತೆ ಹೇಳಿದಳು, ರೈಟರ್ ನನಗೋಸ್ಕರ ಧಣಿ ಹತ್ತಿರ ಎಷ್ಟು ಹೊಡೆದಾಡಿದರೋ, ದೇವರಂಥ ಮನುಷ್ಯ ಎಂದು. ನನ್ನ ತಲೆ ಮುಟ್ಟಿ ನೆಟಿಗೆ ಮುರಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಮಳೆಗಾಲ. ಲೈನು ಹೋದರೂ ಜಗಳಕ್ಕೇನೂ ಬರವಿಲ್ಲ, ಹೊಸ ಮನೆಗಳಲ್ಲಿ ನೀರಿನ ತಾಪತ್ರಯ, ದಿನಕ್ಕೊಂದು ರಂಪ. ಎಂದಿನಂತೆ ಕರೆಯುತ್ತಿದ್ದರು. ಒಮ್ಮೆ ಒಬ್ಬ ಹೆಂಗಸು ಗಂಡನ ಹತ್ತಿರ ಹೊಡೆಸಿಕೊಂಡು ಬಂದು ನಿಂತಳು. ಪದ ನಾಲಿಗೆಯ ತುದಿಗೆ ಬಂತು, ಹೊರಗೆ ಬರಲಿಲ್ಲ. ಆಗ ಹೊಳೆಯಿತು, ಇಷ್ಟು ವರ್ಷ ಈ ಪದವನ್ನು ನಾನು ಹೇಳಿದ್ದೆಲ್ಲ ಏಟು ತಿಂದವರಿಗೆ. ಹೊಡೆದವನಿಗೆ ಬೀಡಿ ಕೊಟ್ಟಿದ್ದೇನೆ, ನೀರು ಕೊಟ್ಟಿದ್ದೇನೆ, ಸಮಾಧಾನ ಮಾಡಿಕೋ ಎಂದು ಹೇಳಿದ್ದು ನೆನಪಿಗೆ ಬರಲಿಲ್ಲ. ಗೆದ್ದವನಿಗೆ ಯಾರೂ ಸಮಾಧಾನ ಹೇಳುವುದಿಲ್ಲ, ಅವನಿಗೆ ಅದರ ಅಗತ್ಯವೇ ಇಲ್ಲ. ಪದದ ತಪ್ಪಲ್ಲ ಅದು. ಒಳ್ಳೆಯ ಪದವೇ. ನಿಜ ಹೇಳಿ, ನ್ಯಾಯ ಮಾಡಿ, ಆಮೇಲೆ ಹೇಳಿದ್ದರೆ ಅದಕ್ಕೆ ತೂಕವಿರುತ್ತಿತ್ತು. ನಾನು ಅದನ್ನು ಮೊದಲೇ ಹೇಳಿ ಉಳಿದೆರಡನ್ನೂ ನುಂಗಿದೆ.

ಮನೆಯಲ್ಲಿ ನನ್ನ ಸಿಡುಕು ಹೆಚ್ಚಾಯಿತು. ಒಂದು ಬೆಳಗ್ಗೆ ಕಾಫಿ ತಣ್ಣಗಾಗಿದೆ ಎಂದು ಲೋಟ ಕುಕ್ಕಿದಾಗ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು ಎದುರಿಗೇ ಕೂತಳು. ಎಂಥ ಆಗಿದೆ ನಿಮಗೆ ಎಂದು ಕೇಳಿದಳು. ಎಲ್ಲ ಹೇಳಿದೆ. ಅವಳು ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಕೊಡೆ ತಂದು ಮುಂದಿಟ್ಟಳು, ಇವತ್ತು ಭಾನುವಾರ, ಬಸ್ಸುಂಟು ಎಂದಳು.

ಕುಶಾಲನಗರದಲ್ಲಿ ಬಸ್ಸಿಳಿದು ಆಟೋ ಹಿಡಿದು ಹೋದೆ. ಮಳೆ ಆ ಕಡೆ ಅಷ್ಟಿರಲಿಲ್ಲ. ಅಣ್ಣನ ಮಗ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಹಾಸನದ ಕಡೆಯಿಂದ ಬಂದು ನೆಲೆಸಿದ ಒಕ್ಕಲುಮನೆಯವಳು, ಗಟ್ಟಿಗಿತ್ತಿ, ಒಳಗೆ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಕೆಟ್ಟವಳೆಂದು ನಾನು ಹೇಳಲಾರೆ, ಮನೆ ಸಣ್ಣದು, ಮಕ್ಕಳು ದೊಡ್ಡವರಾಗುತ್ತಿದ್ದರು. ಅಜ್ಜಿ ಹಿತ್ತಲ ಬಾಗಿಲ ಹತ್ತಿರ ಗೋಣಿಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದ ರಭಸಕ್ಕೆ ಬೆಳ್ಳುಳ್ಳಿ ಚೆಲ್ಲಿತು. ಇವರೇ ನಮ್ಮ ರೈಟರ್, ನನಗಾಗಿ ಧಣಿಯನ್ನೇ ಎದುರು ಹಾಕಿಕೊಂಡವರು ಎಂದು ಒಳಗೆ ಕೇಳುವಂತೆ ಹೇಳಿದಳು. ಆಮೇಲೆ ದನಿ ತಗ್ಗಿಸಿ, ಒಂದು ಲೋಟ ಟೀ ಮಾಡಲಾ ಎಂದು ಒಳಗಿನವಳನ್ನು ಕೇಳಿದಳು. ಸರಿ ಎಂದ ಮೇಲೆಯೇ ಒಲೆಯ ಹತ್ತಿರ ಹೋದಳು.

ಟೀ ಕುಡಿದರೆ ಹೇಳುವ ಧೈರ್ಯ ಹೋಗುತ್ತದೆಂದು ಗೊತ್ತಿತ್ತು. ಲೋಟ ಪಕ್ಕಕ್ಕಿಟ್ಟು, ಹಿತ್ತಲ ಮೆಟ್ಟಿಲ ಮೇಲೆ ಅವಳನ್ನು ಕೂರಿಸಿ, ಧಣಿ ಕಣದಲ್ಲಿ ಹೇಳಿದ ಮಾತನ್ನು ಹಾಗೆಹಾಗೆಯೇ ಹೇಳಿದೆ. ಆ ಸಂಜೆ ನಾನು ಏನು ಹೇಳಿದೆ, ಯಾಕೆ ಹೇಳಿದೆ, ಅದನ್ನೂ. ಫೋನಿನಲ್ಲಿ ಧಣಿ ಏನೆಂದರು, ನಾನು ಏನು ನುಂಗಿದೆ, ಅದನ್ನೂ. ಅವಳು ನನ್ನ ಮುಖ ನೋಡಲಿಲ್ಲ. ಬೆಳ್ಳುಳ್ಳಿಯ ಸಿಪ್ಪೆಯನ್ನು ಒಂದೊಂದೇ ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

“ಆ ನರ್ಸರಿ ರೂಮು... ಧಣಿನೇ ನಂಗಂತ ಕೇಳಿದ್ರಾ?”

ಹೌದೆಂದೆ.

“ಒಂಟಿ ರೂಮಾ? ನಾನೊಬ್ಳೇ ಇರೋ ಹಂಗೆ?”

ಅದಕ್ಕೂ ಹೌದೆಂದು ತಲೆಯಾಡಿಸಿದೆ.

ಮಡಿಲಿನ ಸಿಪ್ಪೆಯನ್ನು ಹಿತ್ತಲಿಗೆ ಕೊಡವಿ ಅವಳು, “ನಾನು ಅವ್ರಿಗೆ ಮಣ್ಣು ತೂರ್ದೆ” ಎಂದಳು. ಅಳಲಿಲ್ಲ. ಆ ಮಣ್ಣನ್ನು ವಾಪಸು ತೆಗೆದುಕೊಂಡಿದ್ದಾಳೆಂದು ಧಣಿಗೆ ಹೇಳಬೇಕು, ಅವಳು ಹೇಳಿದಷ್ಟೇ ಹೇಳಬೇಕು, ನನ್ನದೇನೂ ಸೇರಿಸಬಾರದು ಎಂದಳು. ಆಗಲಿ ಎಂದೆ. ಹೇಳಬೇಕಾದದ್ದು ಮುಗಿಯಿತು, ಎದ್ದು ಬರಬಹುದಿತ್ತು. ಆದರೆ ನಾನು ಕೂತೇ ಇದ್ದೆ. ಯಾಕೆಂದರೆ ನನಗೂ ಸಮಾಧಾನ ಬೇಕಾಗಿತ್ತು. ಹೋಗಲಿ ಬಿಡಿ ರೈಟ್ರೇ ಎಂದು ಅವಳು ಅಂದರೆ ಸಾಕಿತ್ತು, ಬಸ್ಸಿನಲ್ಲಿ ನಿದ್ದೆ ಬರುತ್ತಿತ್ತು. ಅಷ್ಟು ಅನ್ಯಾಯ ಮಾಡಿದವನು ಅವಳಿಂದಲೇ ಆ ಒಂದು ಮಾತು ಬೇಡುತ್ತಾ ಕೂತಿದ್ದೆ, ಭಿಕ್ಷೆಯವನ ಹಾಗೆ.

ಅವಳಿಗೆ ಅದು ತಿಳಿಯಿತು. “ನಿನ್ಮೇಲೆ ಕೋಪ ಐತೆ,” ಎಂದಳು. “ಅದು ಹೋಗಲ್ಲ. ನಾನು ಹೋಗೋ ಗಂಟ ಇರ್ತದೆ. ಅದನ್ನೂ ಧಣಿಗೆ ಹೇಳು.”

ಮರುದಿನ ಬೆಳಗ್ಗೆ ಹಾಜರಿಗೆ ಮುಂಚೆಯೇ ಧಣಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ, ಕೋಪವನ್ನೂ ಸೇರಿಸಿ. ಅವರು ಕೇಳಿಸಿಕೊಂಡು ಒಳಗೆ ಹೋದರು. ಕೆಲಸದಿಂದ ತೆಗೆಯಲಿಲ್ಲ. ಈಗ ಕೆಲವೊಮ್ಮೆ ನನ್ನನ್ನು ಬಿಟ್ಟು ನೇರವಾಗಿ ಆಳುಗಳನ್ನೇ ಕರೆದು ಮಾತಾಡುತ್ತಾರೆ. ಅದು ಸರಿಯೇ. ನನ್ನನ್ನು ಒಳಗಿಂದ ತಿನ್ನುತ್ತಿರುವುದು ಅದಲ್ಲ, ಅವಳ ಕೋಪವೂ ಅಲ್ಲ. ಕೋಪ ನನ್ನ ಪಾಲಿನದು, ಹೊರುತ್ತೇನೆ.

ಆ ಭಾನುವಾರ ಅಜ್ಜಿಯನ್ನು ಬಿಟ್ಟು ಹೊರಡುವಾಗ ನಾನು ಕೊಡೆ ತೆಗೆದುಕೊಂಡು ಹಿತ್ತಲಿನಿಂದ ಮನೆಯ ಪಕ್ಕದ ಓಣಿಗೆ ಬಂದಿದ್ದೆ. ಒಳಗೆ ಹೊಲಿಗೆ ಮೆಷಿನ್ ನಿಂತಿತು. ಪಾತ್ರೆ ಎತ್ತಿ ಇಟ್ಟ ಸದ್ದು. ಮಕ್ಕಳಿಗೆ ಇಟ್ಟಿದ್ದ ಹಾಲನ್ನೆಲ್ಲ ಟೀಗೆ ಹಾಕಿದ್ದೀರಲ್ಲ ಎಂದು ಆ ಹೆಣ್ಣುಮಗಳು ಕೇಳಿದಳು, ಜೋರಾಗೇನೂ ಅಲ್ಲ. ನಾನು ಮುಟ್ಟದೆ ಬಿಟ್ಟು ಬಂದ ಆ ಟೀ. ಇಡೀ ಲೈನಿಗೆ ಕೇಳುವಂತೆ ನನ್ನ ಮೂಗನ್ನು ಆಡಿಕೊಳ್ಳುತ್ತಿದ್ದ ಅಜ್ಜಿ, ನಾನು ಅವಳ ಬಾಯಲ್ಲಿ ಎಂದೂ ಕೇಳಿರದ ಸಣ್ಣ ದನಿಯಲ್ಲಿ, “ಗೊತ್ತಾಗ್ಲಿಲ್ಲಮ್ಮ, ಇನ್ಮೇಲೆ ಹಾಕಲ್ಲಮ್ಮ” ಎಂದಳು.